ಅಪ್ಪನ ಐದು ರಿಪೋರ್ಟು, ಐದೂ ನಾರ್ಮಲ್

ಡಾಕ್ಟರ್ ಮೇಡಂ ಮೇಜಿನ ಮೇಲಿದ್ದ ಪೆನ್ನು, ಪ್ಯಾಡು ಎಲ್ಲ ಪಕ್ಕಕ್ಕೆ ಸರಿಸಿ ಅಪ್ಪನ ಐದು ರಿಪೋರ್ಟುಗಳನ್ನು ಸಾಲಾಗಿ ಹರಡಿದರು. ಐದು ವರ್ಷದ್ದು. ನಾಲ್ಕು ಬೇರೆ ಬೇರೆ ಲ್ಯಾಬಿನವು. ಎಲ್ಲವನ್ನೂ ಮಾಡಿಸಿದ್ದು ನಾನೇ. ಅಪ್ಪ ಅಮ್ಮ ತಿಪಟೂರಿನಿಂದ ಬೇಸಿಗೆಗೆ ಬೆಂಗಳೂರಿಗೆ ಬಂದಾಗ ಯಾವ ಲ್ಯಾಬಿನ ಪ್ಯಾಕೇಜಿಗೆ ರಿಯಾಯಿತಿ ಇದೆ ಅಂತ ನೋಡಿ ಬುಕ್ ಮಾಡುತ್ತಿದ್ದೆ. ಬೆಳಿಗ್ಗೆ ಮನೆಗೇ ಬಂದು ರಕ್ತ ತಗೊಂಡು ಹೋಗುತ್ತಿದ್ದರು, ಸಂಜೆ ಮೊಬೈಲಿಗೆ ಹದಿನೈದು ಇಪ್ಪತ್ತು ಪುಟದ ರಿಪೋರ್ಟ್ ಬರುತ್ತಿತ್ತು. ಎಲ್ಲಾದರೂ ದಪ್ಪ ಅಕ್ಷರ ಇದೆಯಾ, ಕೆಂಪು ಗುರುತು ಇದೆಯಾ ಅಂತ ಬೆರಳಲ್ಲಿ ಸರಿಸುತ್ತಾ ನೋಡುತ್ತಿದ್ದೆ. ಇಲ್ಲ ಅಂದರೆ "ಎಲ್ಲ ನಾರ್ಮಲ್ ಅಪ್ಪ" ಅಂತ ಕೂಗಿ ಹೇಳಿ ಅಡುಗೆಗೆ ಹೋಗುತ್ತಿದ್ದೆ. ಆ ವರ್ಷದ ಕೆಲಸ ಮುಗಿಯಿತು ಅನ್ನೋ ನೆಮ್ಮದಿ ನನಗೆ.

ಮೇಡಂ ಪೆನ್ನಿನ ತುದಿಯನ್ನು ಐದೂ ಹಾಳೆಯಲ್ಲಿ ಒಂದೇ ಸಾಲಿನ ಮೇಲೆ ಇಟ್ಟು ಓದುತ್ತಾ ಹೋದರು. ಕ್ರಿಯಾಟಿನಿನ್, ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಒಂದು ಕಸ. 0.9. ಮುಂದಿನ ವರ್ಷವೂ 0.9. ಆಮೇಲೆ 1.0. ಆಮೇಲೆ 1.1. ಕೊನೆಯದು 1.3. ಗಂಡಸರಿಗೆ 1.3ರ ತನಕ ನಾರ್ಮಲ್ ಅಂತ ಪಕ್ಕದಲ್ಲೇ ಅಚ್ಚಾಗಿತ್ತು. ಹಾಗಾಗಿ ಐದು ವರ್ಷವೂ ಆ ಸಾಲಿಗೆ ಗುರುತು ಬಿದ್ದಿರಲಿಲ್ಲ. ಲ್ಯಾಬು ತಪ್ಪು ಮಾಡಿಲ್ಲ, ಪ್ರತಿ ಹಾಳೆಯೂ ತನ್ನಷ್ಟಕ್ಕೆ ಸರಿಯಾಗಿಯೇ ಇತ್ತು.

ಆದರೆ ಆ ಸಂಖ್ಯೆಯನ್ನು ಹಾಗೇ ಓದಬಾರದು ಅಂದರು ಮೇಡಂ. ವಯಸ್ಸನ್ನೂ ಗಂಡಸೋ ಹೆಂಗಸೋ ಅನ್ನೋದನ್ನೂ ಸೇರಿಸಿ, ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸುತ್ತಿದೆ ಅಂತ ಲೆಕ್ಕ ಹಾಕುತ್ತಾರೆ, ಅದಕ್ಕೆ ಇಜಿಎಫ್‌ಆರ್ ಅನ್ನುತ್ತಾರೆ. ಅಪ್ಪನಿಗೆ 62 ವರ್ಷ ಇದ್ದಾಗಿನ 0.9ಕ್ಕೆ ಆ ಲೆಕ್ಕ ಸುಮಾರು 97 ಬರುತ್ತದೆ. 66ನೇ ವರ್ಷದ 1.3ಕ್ಕೆ ಸುಮಾರು 61. ಅದು 60ಕ್ಕಿಂತ ಕೆಳಗಿಳಿದು ಮೂರು ತಿಂಗಳಿಗಿಂತ ಜಾಸ್ತಿ ಹಾಗೇ ಉಳಿದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಅಂತಲೇ ಕರೆಯುತ್ತಾರೆ. ನಾಲ್ಕೇ ವರ್ಷದಲ್ಲಿ ಅಪ್ಪನ ಕಿಡ್ನಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಶಕ್ತಿ ಕಳಕೊಂಡಿತ್ತು. ನಾನು ಐದು ಸಲ ನಾರ್ಮಲ್ ಅಂತ ಕೂಗಿ ಹೇಳಿದ್ದೆ.

ಅಪ್ಪ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಆ ಹಾಳೆಗಳನ್ನು ನೋಡುತ್ತಾ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, "ಮೂವತ್ತೈದು ವರ್ಷ ಮಕ್ಕಳಿಗೆ ಗ್ರಾಫ್ ಹಾಕೋದು ಕಲಿಸಿದೆ. ಇದನ್ನ ನೋಡ್ಲೇ ಇಲ್ವಲ್ಲ ಪುಟ್ಟಿ" ಅಂದರು.

ಮೇಡಂ ಗಾಬರಿಪಡಿಸಲಿಲ್ಲ. ಬೇರೆ ಬೇರೆ ಲ್ಯಾಬಿನ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ಮೊದಲು ಒಂದೇ ಲ್ಯಾಬಿನಲ್ಲಿ ಇನ್ನೊಮ್ಮೆ ನೋಡೋಣ, ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಹೋಗುತ್ತಿದೆಯಾ ಅಂತಲೂ ನೋಡೋಣ ಅಂದರು. ಆಮೇಲೆ ಕೇಳಿದ ಪ್ರಶ್ನೆ ಮುಖ್ಯ. "ಯಜಮಾನ್ರೇ, ನೋವಿನ ಮಾತ್ರೆ ಏನಾದ್ರೂ ತಗೋತೀರಾ?"

ಅಪ್ಪ ಮಾತಾಡಲಿಲ್ಲ. ಅಮ್ಮ ಹೇಳಿದರು. "ದಿನಾ ತಗೋತಾರೆ ಮೇಡಂ, ಮಂಡಿನೋವಿಗೆ. ಮೂರ್ನಾಲ್ಕು ವರ್ಷ ಆಯ್ತು. ಮೆಡಿಕಲ್ ಸ್ಟೋರ್‌ನವನೇ ಕೊಡ್ತಾನೆ, ಚೀಟಿ ಗೀಟಿ ಏನೂ ಕೇಳಲ್ಲ."

ಡೈಕ್ಲೋಫಿನಾಕ್. ಮನೆಮನೆಯಲ್ಲೂ ಇರುವ ಮಾತ್ರೆ. ಈ ಜಾತಿಯ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ, ಬಿಪಿಯನ್ನೂ ಏರಿಸುತ್ತವೆ. ಹಲ್ಲುನೋವಿಗೆ ಎರಡು ದಿನ ತಗೊಂಡರೆ ಹೆಚ್ಚಿನವರಿಗೆ ಏನೂ ಆಗದು. ವಯಸ್ಸಾದವರು ವರ್ಷಗಟ್ಟಲೆ ದಿನಾ ನುಂಗುವುದು ಬೇರೆಯೇ ಮಾತು. ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ಅಪ್ಪ ಬಚ್ಚಿಟ್ಟಿದ್ದು ಅಂತಲ್ಲ, ಯಾರೂ ಕೇಳಿರಲಿಲ್ಲ ಅಷ್ಟೆ. ಪ್ಯಾಕೇಜು ರಕ್ತ ತಗೊಳ್ಳುತ್ತದೆ, ಪ್ರಶ್ನೆ ಕೇಳುವುದಿಲ್ಲ.

ತಿಪಟೂರಿನಲ್ಲಿ ನಾವು ಚಿಕ್ಕವರಿದ್ದಾಗ ಒಬ್ಬ ಡಾಕ್ಟರ್ ಇದ್ದರು. ಎಪಿಎಂಸಿ ಕಡೆ ಹೋಗುವ ದಾರಿಯಲ್ಲಿ ಒಂದು ಹೆಂಚಿನ ಮನೆ, ಮುಂದೆ ಮರದ ಬೆಂಚು. ಕೊಬ್ಬರಿ ಮಾರಲು ಬಂದ ಹಳ್ಳಿಯವರೆಲ್ಲ ಅಲ್ಲೇ ಕೂತಿರುತ್ತಿದ್ದರು. ಮನೆಯಿಂದಲೇ ಬಾಟಲಿ ತಗೊಂಡು ಹೋಗಬೇಕಿತ್ತು. ಕಾಂಪೌಂಡರ್ ಅದಕ್ಕೆ ಕೆಂಪು ಮಿಕ್ಸ್ಚರ್ ತುಂಬಿ, ಒಂದು ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಬಾಟಲಿಗೆ ಅಂಟಿಸುತ್ತಿದ್ದ. ಒಂದು ಹೊತ್ತಿಗೆ ಒಂದು ಹಲ್ಲಿನಷ್ಟು. "ಅವರ ಕೈಗುಣ ಚೆನ್ನಾಗಿದೆ" ಅಂತ ಊರೆಲ್ಲ ಹೇಳುತ್ತಿತ್ತು. ಬೇರೆ ಡಾಕ್ಟರು ಅದೇ ಮದ್ದು ಕೊಟ್ಟರೂ ವಾಸಿಯಾಗದು, ಇವರು ಮುಟ್ಟಿದರೆ ಸಾಕು ಜ್ವರ ಬಿಡುತ್ತದೆ ಅಂತ ನಮ್ಮ ಅಜ್ಜಿ ನಂಬಿದ್ದರು.

ಕೈಗುಣ ಅನ್ನೋ ಮಾತನ್ನು ನಾನು ತುಂಬಾ ವರ್ಷ ಬರೀ ನಂಬಿಕೆ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಆ ಡಾಕ್ಟರಿಗೆ ನಮ್ಮ ಅಜ್ಜನ ಸಕ್ಕರೆ ಕಾಯಿಲೆ ಗೊತ್ತಿತ್ತು. ಅಮ್ಮನಿಗೆ ಸಲ್ಫಾ ಮಾತ್ರೆ ಆಗಿಬರುವುದಿಲ್ಲ ಅಂತ ಗೊತ್ತಿತ್ತು. ನನಗೆ ಪರೀಕ್ಷೆ ಬಂತೆಂದರೆ ಹೊಟ್ಟೆನೋವು ಬರುತ್ತದೆ ಅಂತಲೂ ಗೊತ್ತಿತ್ತು, ಹಾಗಾಗಿ ಮದ್ದು ಕೊಡದೆ ಬೆನ್ನು ತಟ್ಟಿ ಕಳಿಸುತ್ತಿದ್ದರು. ಇಪ್ಪತ್ತು ವರ್ಷದ ಪರಿಚಯ ಅದು. ನಮ್ಮ ಜನ ಅದಕ್ಕೇ ಕೈಗುಣ ಅಂತ ಹೆಸರಿಟ್ಟಿದ್ದರು ಅನಿಸುತ್ತದೆ.

ಇದನ್ನು ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ನಾರ್ವೆಯಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಹೆಸರಿಟ್ಟ ಡಾಕ್ಟರ್ ಇರುವ ವ್ಯವಸ್ಥೆ ಇದೆ. ಅಲ್ಲಿನ ಸುಮಾರು 45 ಲಕ್ಷ ಜನರ ದಾಖಲೆ ಇಟ್ಟುಕೊಂಡು ಒಂದು ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದರು. ಒಬ್ಬರೇ ಡಾಕ್ಟರ ಹತ್ತಿರ 15 ವರ್ಷಕ್ಕಿಂತ ಜಾಸ್ತಿ ಹೋಗುತ್ತಿದ್ದವರನ್ನು, ಡಾಕ್ಟರ್ ಬದಲಾಗಿ ಒಂದೇ ವರ್ಷ ಆದವರ ಜೊತೆ ಹೋಲಿಸಿದಾಗ ಸಾಯುವ ಸಾಧ್ಯತೆ ಸುಮಾರು ಶೇ 25ರಷ್ಟು ಕಡಿಮೆ ಇತ್ತು. ಆಸ್ಪತ್ರೆ ಸೇರುವ ಸಾಧ್ಯತೆಯೂ ಹೆಚ್ಚುಕಮ್ಮಿ ಅಷ್ಟೇ ಕಡಿಮೆ. ಇದಕ್ಕೆ ಪರಿಚಯವೊಂದೇ ಕಾರಣ ಅಂತ ಇಂಥ ಅಧ್ಯಯನದಿಂದ ಹೇಳಲು ಆಗುವುದಿಲ್ಲ, ಅದು ನಿಜ. ಆದರೂ ವರ್ಷ ಹೆಚ್ಚಾದ ಹಾಗೆ ಲಾಭವೂ ಹಂತಹಂತವಾಗಿ ಹೆಚ್ಚಾಗಿದ್ದನ್ನು ಅವರು ನೋಡಿದ್ದಾರೆ. ಅದನ್ನು ಓದಿದಾಗ ನನಗೆ ಆ ಮರದ ಬೆಂಚು ನೆನಪಾಯಿತು.

ಬೆಂಗಳೂರಿಗೆ ಬಂದ ಮೇಲೆ ನನಗೆ ಡಾಕ್ಟರೇ ಇರಲಿಲ್ಲ. ಡಾಕ್ಟರುಗಳು ಇದ್ದರು. ಕಿವಿಗೆ ಒಬ್ಬರು, ಚರ್ಮಕ್ಕೆ ಒಬ್ಬರು, ಬೆನ್ನಿಗೆ ಒಬ್ಬರು, ಥೈರಾಯ್ಡಿಗೆ ಇನ್ನೊಬ್ಬರು. ಹದಿನೆಂಟು ವರ್ಷದಲ್ಲಿ ಎಷ್ಟೋ ಜನ, ಒಬ್ಬರಿಗೊಬ್ಬರಿಗೆ ಸಂಬಂಧ ಇಲ್ಲ. ಒಂದು ಸಲ ಎದೆ ಉರಿ ಅಂತ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಒಂದೇ ಮಧ್ಯಾಹ್ನದಲ್ಲಿ ಇಸಿಜಿ, ಎಕೋ, ಎಂಡೋಸ್ಕೋಪಿ ಎಲ್ಲ ಮುಗಿಯಿತು. ರಾತ್ರಿ ಎಷ್ಟು ಹೊತ್ತಿಗೆ ಊಟ ಮಾಡ್ತೀಯಮ್ಮ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಆಗ ನಾನು ರಾತ್ರಿ ಹನ್ನೊಂದಕ್ಕೆ ಊಟ ಮಾಡಿ ಹನ್ನೊಂದೂವರೆಗೆ ಮಲಗುತ್ತಿದ್ದೆ.

ಈಗಿನ ಮೇಡಂ ಸಿಕ್ಕಿದ್ದು ಅಪ್ಪ ಅಮ್ಮ ನಮ್ಮ ಜೊತೆ ಇರಲು ಬಂದ ಮೇಲೆ. ನಾನು ಸ್ಟಾರ್ ಗೀರ್ ನೋಡಿ ಹುಡುಕಲಿಲ್ಲ. ನಮ್ಮ ಬೀದಿಯ ನಾಲ್ಕೈದು ಹಿರಿಯರನ್ನು, ಹೂ ಕಟ್ಟುವ ಅಜ್ಜಿಯನ್ನು, ಮೆಡಿಕಲ್ ಸ್ಟೋರಿನ ಹುಡುಗನನ್ನು ಕೇಳಿದೆ. ಕೇಳಿದ್ದು ಒಂದೇ ಪ್ರಶ್ನೆ, ಅನಗತ್ಯ ಟೆಸ್ಟು ಬರೆಯದೆ ಕೂತು ಮಾತಾಡಿಸುವ ಡಾಕ್ಟರ್ ಯಾರಿದ್ದಾರೆ ಅಂತ. ಎರಡು ಹೆಸರು ಬಂದವು. ಒಬ್ಬರ ಕ್ಲಿನಿಕ್ಕಿಗೆ ಮೇಲುಸೇತುವೆ ದಾಟಿ ಹೋಗಬೇಕು. ಇನ್ನೊಬ್ಬರದು ಅಮ್ಮ ಒಬ್ಬರೇ ನಡಕೊಂಡು ಹೋಗುವಷ್ಟು ಹತ್ತಿರ. ಎರಡನೆಯವರನ್ನೇ ಆರಿಸಿಕೊಂಡೆ. ನನ್ನ ಮಟ್ಟಿಗೆ ಅರ್ಧ ತೀರ್ಮಾನ ದೂರದಲ್ಲೇ ಆಗಿಹೋಗುತ್ತದೆ. ದೂರ ಇದ್ದರೆ ಕಾಯಿಲೆ ಜೋರಾದ ಮೇಲಷ್ಟೇ ಹೋಗುತ್ತೇವೆ, ಅಲ್ವಾ?

ಮೊದಲ ಸಲ ಯಾರಿಗೂ ಹುಷಾರಿಲ್ಲದೆ ಇರುವಾಗಲೇ ಹೋದೆವು. ಇದನ್ನು ಎಲ್ಲರಿಗೂ ಹೇಳುತ್ತೇನೆ. ಜ್ವರ ಬಂದು ನಡುಗುತ್ತಿರುವಾಗ ಡಾಕ್ಟರನ್ನು ಆರಿಸುವುದಕ್ಕೆ ಆಗುವುದಿಲ್ಲ. ಗೋಡೆಯ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇತ್ತು, ಪಕ್ಕದಲ್ಲೇ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳ ನೋಂದಣಿಯ ಕೆಪಿಎಂಇ ಪ್ರಮಾಣಪತ್ರ. ಖಾಸಗಿ ಕ್ಲಿನಿಕ್ಕುಗಳಿಗೆ ಇದು ಕಡ್ಡಾಯ, 2007ರ ಕಾಯ್ದೆ. ಅದಿಲ್ಲದ ಕಡೆ ನಾನು ಕೂರುವುದೂ ಇಲ್ಲ. ಎಂಬಿಬಿಎಸ್ ಆದ ಮೇಲೆ ಫ್ಯಾಮಿಲಿ ಮೆಡಿಸಿನ್‌ನಲ್ಲೇ ಡಿಎನ್‌ಬಿ ಅನ್ನೋ ಸ್ನಾತಕೋತ್ತರ ಪದವಿ ಮಾಡಿದ್ದರು. ಹಾಗೊಂದು ವಿಷಯ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಹಾಗಂತ ಆ ಪದವಿ ಇಲ್ಲದ ಒಳ್ಳೆಯ ಹಳೇ ಎಂಬಿಬಿಎಸ್ ಡಾಕ್ಟರುಗಳು ಊರೂರಲ್ಲಿ ಇದ್ದಾರೆ, ಅವರನ್ನು ಬಿಡಬೇಡಿ.

ಭಾಷೆಯ ವಿಷಯ ಸ್ವಲ್ಪ ಹೇಳಬೇಕು. ಅಮ್ಮನಿಗೆ ಮೈಗೆ ಏನಾದರೂ ಆದರೆ ಅದನ್ನು ಹೇಳಲು ತಿಪಟೂರಿನ ಕನ್ನಡವೇ ಬೇಕು. "ಸಂಕಟ ಆಗತ್ತೆ" ಅನ್ನುತ್ತಾರೆ. ಅದು ಹೊಟ್ಟೆಯದೋ, ಎದೆಯದೋ, ಮನಸ್ಸಿನದೋ? ಮೂರೂ ಆಗಬಹುದು. "ಹೊಟ್ಟೆ ತೊಳಸತ್ತೆ" ಬೇರೆ, "ಹೊಟ್ಟೆ ಉಬ್ಬರ" ಬೇರೆ, "ಕಾಲು ಜೋಮು ಹಿಡಿಯತ್ತೆ" ಬೇರೆ, "ಕಾಲು ಸೆಳೆಯತ್ತೆ" ಬೇರೆ. ಹಿಂದೆ ಒಂದು ಕಡೆ ನಾನು ಪಕ್ಕದಲ್ಲಿ ನಿಂತು ಇದನ್ನೆಲ್ಲ ಇಂಗ್ಲಿಷಿಗೆ ಮಾಡಿ ಹೇಳುತ್ತಿದ್ದೆ. ಸಂಕಟಕ್ಕೆ ನಾನು ಗ್ಯಾಸ್ಟ್ರಿಕ್ ಅಂದುಬಿಟ್ಟಿದ್ದೆ. ಈ ಮೇಡಂ ಮಾತ್ರ, "ಸಂಕಟ ಅಂದ್ರೆ ಎಲ್ಲಿ ಅಮ್ಮ, ಕೈ ಇಟ್ಟು ತೋರಿಸಿ. ಮೆಟ್ಟಿಲು ಹತ್ತಿದಾಗ ಬರತ್ತಾ, ಊಟ ಆದ್ಮೇಲಾ?" ಅಂತ ಕೇಳಿದರು. ಈ ಒಂದು ಪ್ರಶ್ನೆಯಿಂದ ಹೃದಯದ ತೊಂದರೆಯೋ ಹೊಟ್ಟೆಯದೋ ಅನ್ನೋದರ ದಾರಿಯೇ ಬೇರೆಯಾಗುತ್ತದೆ.

ಅಮ್ಮನ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬನ್ನಿ ಅಂದಿದ್ದರು. ಅದರಲ್ಲಿ ಎರಡು ಬೇರೆ ಬೇರೆ ಹೆಸರಿನ ಸ್ಟ್ರಿಪ್ ಸಿಕ್ಕವು. ಬಣ್ಣ ಬೇರೆ, ಕಂಪನಿ ಬೇರೆ, ಒಳಗಿನ ಮದ್ದು ಒಂದೇ, ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್. ಇಬ್ಬರು ಡಾಕ್ಟರು ಬೇರೆ ಬೇರೆ ಸಲ ಬರೆದಿದ್ದನ್ನು ಅಮ್ಮ ಎರಡನ್ನೂ ಶ್ರದ್ಧೆಯಿಂದ ನುಂಗುತ್ತಿದ್ದರು. ಮೇಡಂ ಒಂದನ್ನು ಅಲ್ಲೇ ನಿಲ್ಲಿಸಿದರು. ನಮಗೆ ಅಂದು ಹೊಸ ಮಾತ್ರೆ ಯಾವುದನ್ನೂ ಬರೆಯಲಿಲ್ಲ. ಇವರೇ ನಮ್ಮ ಡಾಕ್ಟರು ಅಂತ ನಾನು ಮನಸ್ಸಿನಲ್ಲಿ ನಿಶ್ಚಯ ಮಾಡಿದ್ದು ಆಗಲೇ.

ಬಿಪಿ ನೋಡುವುದಕ್ಕೂ ಒಂದು ರೀತಿ ಇದೆ ಅಂತ ಅಲ್ಲೇ ಕಲಿತೆ. ಓಡಿ ಬಂದು ಕೂತ ತಕ್ಷಣ ನೋಡಬಾರದು. ಐದು ನಿಮಿಷ ಬೆನ್ನು ಒರಗಿಸಿ ಕೂರಬೇಕು, ಕಾಲು ನೆಲದ ಮೇಲೆ, ಕೈ ಎದೆಯ ಮಟ್ಟಕ್ಕೆ, ಮಾತಿಲ್ಲ. ಅರ್ಧ ಗಂಟೆ ಮುಂಚೆ ಕಾಫಿ ಕುಡಿದಿರಬಾರದು. ನಮ್ಮಲ್ಲಿ ಇದು ಕಷ್ಟದ ನಿಯಮ, ಆದರೂ ಪಾಲಿಸಬೇಕು. ಎರಡು ಸಲ ನೋಡಬೇಕು. ಅಪ್ಪನಿಗೆ 150ರ ಮೇಲೆ ಬಂದಾಗ ಮೇಡಂ ಅಂದೇ ಮಾತ್ರೆ ಬರೆಯಲಿಲ್ಲ. ಕ್ಲಿನಿಕ್ಕಿನಲ್ಲಿ ಭಯಕ್ಕೆ ಏರುವುದುಂಟು, ಒಂದು ವಾರ ಮನೆಯಲ್ಲಿ ಬೆಳಿಗ್ಗೆ ಸಂಜೆ ಬರೆದಿಡಿ ಅಂದರು. ಒಂದು ವಾರದ ಪಟ್ಟಿ ನೋಡಿ, ಬಿಪಿ ಜಾಸ್ತಿ ಇರುವುದು ಖಾತ್ರಿ ಮಾಡಿಕೊಂಡು, ಆಮೇಲೆ ಶುರುಮಾಡಿದರು.

ಅಮ್ಮನದು ಬೇರೆ ಕತೆ. ಅಮ್ಮ ಊಟ ಆದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ, ಜೊತೆಗೆ ಚಿಟಿಕೆ ಹೊಗೆಸೊಪ್ಪು. ನಮ್ಮ ಕಡೆ ಆ ವಯಸ್ಸಿನ ಹೆಂಗಸರಲ್ಲಿ ಇದು ಸಾಮಾನ್ಯ. ಇಷ್ಟು ವರ್ಷದ ಪ್ಯಾಕೇಜುಗಳಲ್ಲಿ ಅಮ್ಮನ ವಿಟಮಿನ್ ಡಿ ನೋಡಿದ್ದರು, ಬಿ12 ನೋಡಿದ್ದರು, ಬಾಯಿ ತೆಗೆಸಿ ಯಾರೂ ನೋಡಿರಲಿಲ್ಲ. ಮೇಡಂ ಟಾರ್ಚ್ ಹಿಡಿದು ಕೆನ್ನೆಯ ಒಳಭಾಗ, ನಾಲಿಗೆಯ ಅಡಿ, ಒಸಡು ಎಲ್ಲ ನೋಡಿದರು. ಮೂರು ಬೆರಳು ನೆಟ್ಟಗೆ ಬಾಯೊಳಗೆ ಹೋಗುತ್ತದೆಯಾ ನೋಡಿ ಅಂದರು. ಹೋಗದಿದ್ದರೆ ಬಾಯಿ ಬಿಗಿಯಾಗುತ್ತಿದೆ ಅಂತ ಅರ್ಥ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಆದರೂ ಮಾಯದ ಹುಣ್ಣು, ಇವನ್ನು ಬಿಡಬಾರದು. ಎರಡು ನಿಮಿಷದ ಕೆಲಸ, ಖರ್ಚು ಏನೂ ಇಲ್ಲ. ಅಮ್ಮನ ಕೆನ್ನೆಯೊಳಗೆ ಒಂದು ಬಿಳಿ ಮಚ್ಚೆ ಇತ್ತು. ತೋರಿಸಿದೆವು, ಸದ್ಯ ಕ್ಯಾನ್ಸರ್ ಅಲ್ಲ. ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದಾರೆ. ಹೊಗೆಸೊಪ್ಪು ಬಿಟ್ಟಿದ್ದಾರೆ. ಎಲೆ ಅಡಿಕೆ ಇನ್ನೂ ಪೂರ್ತಿ ಬಿಟ್ಟಿಲ್ಲ, ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತದೆ ಅಂತ ದಿನಾ ಹೇಳುತ್ತಿದ್ದೇನೆ.

ಹೀಗೆ ಬಾಯಿ ನೋಡುವುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ ಅನ್ನೋದು ತುಂಬಾ ಜನರಿಗೆ ಗೊತ್ತಿಲ್ಲ. 30 ದಾಟಿದ ಎಲ್ಲರಿಗೂ ಬಿಪಿ, ಶುಗರ್ ಜೊತೆಗೆ ಬಾಯಿಯ ತಪಾಸಣೆ, ಹೆಂಗಸರಿಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆ ಮಾಡಬೇಕು ಅಂತ ರಾಷ್ಟ್ರೀಯ ಕಾರ್ಯಕ್ರಮ ಹೇಳುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಆಶಾ ಕಾರ್ಯಕರ್ತೆಯರನ್ನು ಕೇಳಿ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಬಿಪಿ ಮಾತ್ರೆಯನ್ನು ಸರ್ಕಾರದ 'ನಮ್ಮ ಕ್ಲಿನಿಕ್'ನಿಂದ ತರುತ್ತಾರೆ. 2022ರ ಕೊನೆಯಲ್ಲಿ ಶುರುವಾದ ಈ ಕ್ಲಿನಿಕ್ಕುಗಳಲ್ಲಿ ನೋಡುವುದೂ ಉಚಿತ, ಮಾತ್ರೆಯೂ ಉಚಿತ. ಅವರಿಗೂ ಒಂದೇ ಮಾತು ಹೇಳಿದ್ದೇನೆ, ಪ್ರತಿ ಸಲ ಅದೇ ಕ್ಲಿನಿಕ್ಕಿಗೆ ಹೋಗಿ, ಹಳೇ ಚೀಟಿ ಎಸೆಯಬೇಡಿ.

ಪ್ಯಾಕೇಜುಗಳ ಬಗ್ಗೆ ನನಗೆ ಈಗ ಬೇಸರವೇ ಜಾಸ್ತಿ. ನೂರು ಟೆಸ್ಟು ಇದ್ದರೆ ನೂರರಷ್ಟು ಒಳ್ಳೆಯದು ಅಂತ ನಂಬಿದ್ದೆ. ಸುಮ್ನೆ ಎಲ್ಲರಿಗೂ ಮಾಡುವ ಸಾಮಾನ್ಯ ಹೆಲ್ತ್ ಚೆಕಪ್‌ನಿಂದ ಸಾವು ಕಡಿಮೆಯಾಗುತ್ತದಾ ಅಂತ ಕಾಕ್ರೇನ್ ಸಂಸ್ಥೆಯವರು ಎರಡೂವರೆ ಲಕ್ಷ ಜನರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ನೋಡಿದರು. ಇಲ್ಲ, ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಕೆಲವು ಟೆಸ್ಟುಗಳಿಂದ ತೊಂದರೆಯೂ ಇದೆ. ನನ್ನ ದೊಡ್ಡಮ್ಮನ ಮಗಳಿಗೆ ಪ್ಯಾಕೇಜಿನಲ್ಲಿ ಸಿಎ 125 ಅನ್ನೋ ರಕ್ತದ ಟೆಸ್ಟು ಸ್ವಲ್ಪ ಜಾಸ್ತಿ ಬಂತು. ಅಂಡಾಶಯದ ಕ್ಯಾನ್ಸರ್ ಅಂತ ಹೆದರಿ ಎರಡು ತಿಂಗಳು ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿದಳು. ಕೊನೆಗೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಇತ್ತು ಅಷ್ಟೆ. ಫೈಬ್ರಾಯ್ಡ್ ಇದ್ದರೂ, ಮುಟ್ಟಿನ ಸಮಯದಲ್ಲೂ ಅದು ಏರುತ್ತದೆ. ಆ ಎರಡು ತಿಂಗಳು ಅವಳು ಮಗುವನ್ನು ಎತ್ತಿಕೊಂಡು ಅಳುತ್ತಿದ್ದುದನ್ನು ನಾನು ಮರೆಯಲಾರೆ.

ಹಾಗಂತ ಟೆಸ್ಟೇ ಬೇಡ ಅಂತಲ್ಲ. ಮೇಡಂ ನಮ್ಮೊಬ್ಬೊಬ್ಬರಿಗೂ ಒಂದು ಸಣ್ಣ ಚೀಟಿ ಬರೆದು ಕೊಟ್ಟಿದ್ದಾರೆ. ಅಪ್ಪನದು ಬಿಪಿ, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್, ಸಕ್ಕರೆ. ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆ, ಒಂದು ನ್ಯುಮೋಕಾಕಲ್ ಲಸಿಕೆ. ನನಗೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 5.9 ಬಂದಿದೆ. 5.7ರಿಂದ 6.4ರ ತನಕ ಸಕ್ಕರೆ ಕಾಯಿಲೆಯ ಹೊಸ್ತಿಲು. ಅಜ್ಜನಿಗೆ ಇತ್ತು ಅಂತ ಹೇಳಿದೆ. ಮಾತ್ರೆ ಬೇಡ, ಸಂಜೆ ನಡೆಯಿರಿ, ಮೂರು ಕೆಜಿ ಇಳಿಸಿ, ಆರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ.

ಅದಾದ ಮೇಲೆ ಕೇಳಿದರು, ಗರ್ಭಕಂಠದ ತಪಾಸಣೆ ಯಾವಾಗ ಮಾಡಿಸಿದ್ರಿ ಅಂತ. ನನಗೆ 44. ಒಮ್ಮೆಯೂ ಮಾಡಿಸಿರಲಿಲ್ಲ. ಅಪ್ಪನಿಗೆ ಪ್ಯಾಕೇಜು, ಅಮ್ಮನಿಗೆ ಪ್ಯಾಕೇಜು, ಮಗನಿಗೆ ಲಸಿಕೆ ಎಲ್ಲ ತಾರೀಖು ತಪ್ಪದೆ ಮಾಡಿದ್ದೆ, ನನ್ನದು ನೆನಪೇ ಆಗಿರಲಿಲ್ಲ. 30 ದಾಟಿದ ಮೇಲೆ, ಈ ಕ್ಯಾನ್ಸರ್ ತರುವ ವೈರಸ್ ಇದೆಯಾ ಅಂತ ನೋಡುವ ಎಚ್‌ಪಿವಿ ಟೆಸ್ಟ್ ಮಾಡಿಸಿದರೆ ಐದು ವರ್ಷಕ್ಕೊಮ್ಮೆ ಸಾಕಾಗುತ್ತದೆ, ಜೀವಕೋಶಗಳನ್ನು ನೋಡುವ ಪ್ಯಾಪ್ ಟೆಸ್ಟ್ ಆದರೆ ಮೂರು ವರ್ಷಕ್ಕೊಮ್ಮೆ. ಕ್ಯಾನ್ಸರ್ ಆಗುವುದಕ್ಕೆ ವರ್ಷಗಟ್ಟಲೆ ಮುಂಚೆಯೇ ಬದಲಾವಣೆ ಕಂಡುಹಿಡಿದು ಅಲ್ಲೇ ನಿಲ್ಲಿಸಬಹುದಾದ ಕೆಲವೇ ಕ್ಯಾನ್ಸರುಗಳಲ್ಲಿ ಇದೂ ಒಂದು. ನಾಚಿಕೆಗೆ ಅಂತ ಮುಂದೂಡುತ್ತಿರುವ ಅಕ್ಕತಂಗಿಯರು ಇದನ್ನು ಓದುತ್ತಿದ್ದರೆ, ದಯವಿಟ್ಟು ಹೋಗಿ ಬನ್ನಿ. ಐದು ನಿಮಿಷ ಸಾಕು. ನಾನು ಹೋಗಿ ಬಂದೆ.

ಅಂದಹಾಗೆ ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ತಪಾಸಣೆಯ ಖರ್ಚಿಗೆ 5,000 ರೂಪಾಯಿ ತನಕ ವಿನಾಯಿತಿ ಇದೆ. ರಸೀದಿ ಇಟ್ಟುಕೊಳ್ಳಿ.

ನಮ್ಮ ತಿಪಟೂರಿನ ಡಾಕ್ಟರ್ ತೀರಿಕೊಂಡಾಗ ಕ್ಲಿನಿಕ್ ಮುಚ್ಚಿತು. ಅವರು ಏನನ್ನೂ ಬರೆದಿಡುತ್ತಿರಲಿಲ್ಲ, ಎಲ್ಲ ತಲೆಯಲ್ಲೇ ಇತ್ತು. ಎಷ್ಟೋ ಮನೆಗಳ ಮೂರು ತಲೆಮಾರಿನ ಕಾಯಿಲೆ ಕಸಾಲೆ ಅವರ ಜೊತೆಗೇ ಹೋಯಿತು. ಈಗಿನ ಮೇಡಂಗೆ 57 ವರ್ಷ. ನಿಮ್ಮ ನಂತರ ನಾವು ಯಾರ ಹತ್ತಿರ ಹೋಗೋದು ಅಂತ ಒಂದು ದಿನ ಕೇಳಿಯೇಬಿಟ್ಟೆ. ಅವರು ನಕ್ಕರು, ಆದರೆ ಉತ್ತರ ಕೊಟ್ಟರು. "ನಾನಿಲ್ದೆ ಇದ್ರೂ ಲೆಕ್ಕ ಇರ್ಬೇಕು. ನಿಮ್ಮ ತಂದೆ ಮೇಷ್ಟ್ರಲ್ವಾ, ಅವರಿಗೆ ಹೇಳಿ."

ಅಪ್ಪ ಅಂದೇ ಸಂಜೆ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ತಂದರು. ಸ್ಕೇಲ್ ಇಟ್ಟು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ. ಒಬ್ಬೊಬ್ಬರಿಗೆ ಇಪ್ಪತ್ತು ಪುಟ. ಮೊದಲ ಪುಟದಲ್ಲಿ ಯಾರಿಗೆ ಯಾವ ಮಾತ್ರೆ ಆಗುವುದಿಲ್ಲ, ಅಜ್ಜ ಅಜ್ಜಿಗೆ ಏನಿತ್ತು, ಯಾವ ಆಪರೇಷನ್ ಯಾವ ವರ್ಷ. ಆಮೇಲೆ ತಾರೀಖು, ಲ್ಯಾಬು, ಸಂಖ್ಯೆ. ತಮ್ಮ ಪುಟದ ಎದುರು ಗ್ರಾಫ್ ಹಾಳೆ ಅಂಟಿಸಿದ್ದಾರೆ. ನೋವಿನ ಮಾತ್ರೆ ನಿಲ್ಲಿಸಿ, ಬಿಪಿ ಹತೋಟಿಗೆ ಬಂದು, ಮಂಡಿಗೆ ಫಿಸಿಯೋಥೆರಪಿಯವರು ಹೇಳಿಕೊಟ್ಟ ತೊಡೆಯ ವ್ಯಾಯಾಮ ಶುರುಮಾಡಿ ಹದಿನಾಲ್ಕು ತಿಂಗಳಾಯಿತು. ಗೆರೆ 1.3ರಿಂದ ಒಂಚೂರು ಇಳಿದು 1.2ರಲ್ಲಿ ನಿಂತಿದೆ. ಕಳೆದ ವಾರ ನನ್ನ ಎಚ್‌ಪಿವಿ ರಿಪೋರ್ಟ್ ಬಂತು, ನೆಗೆಟಿವ್. ಅಪ್ಪ ಕನ್ನಡಕ ಹಾಕಿಕೊಂಡು ನನ್ನ ಪುಟದಲ್ಲಿ ಅದನ್ನು ಬರೆದರು. ಕೆಳಗಿನ ಸಾಲಿನಲ್ಲಿ ಐದು ವರ್ಷ ಮುಂದಿನ ತಾರೀಖನ್ನೂ ಈಗಲೇ ಪೆನ್ಸಿಲಿನಲ್ಲಿ ಬರೆದಿಟ್ಟರು.